ಫೈರ್‌ವಾಲ್ ‘ತಡೆದಿದ್ದೇನೆ’ ಅಂದಾಗ ನಾನು ನೋಡುವ ಕಾಲಂಗಳು

ವಿಂಡೋಸ್‌ನಲ್ಲಿ ‘ಈ ಆ್ಯಪ್‌ನ ಕೆಲವು ಫೀಚರ್‌ಗಳನ್ನು ಫೈರ್‌ವಾಲ್ ತಡೆದಿದೆ’ ಎಂಬ ಕಿಟಕಿ ಬಂದರೆ ಯಾರೋ ಒಳನುಗ್ಗುತ್ತಿದ್ದಾರೆ ಅಂತಲ್ಲ. ನಮ್ಮದೇ ಕಂಪ್ಯೂಟರಿನ ಪ್ರೋಗ್ರಾಂ ಒಂದು ಪೋರ್ಟ್ (ಸಂಪರ್ಕಕ್ಕೆ ಸಂಖ್ಯೆ ಕೊಟ್ಟ ಬಾಗಿಲು) ತೆರೆದು ಹೊರಗಿನ ಕರೆಗೆ ಕಾಯುತ್ತಿದೆ, ಅದನ್ನು ಬಿಡಬೇಕೋ ತಡೆಯಬೇಕೋ ಎಂದು ಹೇಳುವ ರೂಲ್ ಫೈರ್‌ವಾಲ್‌ನಲ್ಲಿ ಇನ್ನೂ ಇಲ್ಲ, ಅಷ್ಟೇ. ಮೂಲ ಸೆಟ್ಟಿಂಗ್‌ನಲ್ಲಿ ಹೊರಹೋಗುವ ಸಂಪರ್ಕಕ್ಕೆ ತಡೆಯೇ ಇರುವುದಿಲ್ಲ.

ಎಡವಟ್ಟಾಗುವುದು ಕ್ಯಾನ್ಸಲ್ ಒತ್ತಿದಾಗ. ಆ ಪ್ರೋಗ್ರಾಂ ಹೆಸರಲ್ಲಿ ಟಿಸಿಪಿಗೊಂದು, ಯುಡಿಪಿಗೊಂದು (ಇವೆರಡು ನೆಟ್‌ವರ್ಕ್‌ನಲ್ಲಿ ಡೇಟಾ ಸಾಗಿಸುವ ವಿಧಾನಗಳು) ಬ್ಲಾಕ್ ರೂಲ್ ಸದ್ದಿಲ್ಲದೆ ಹುಟ್ಟಿಕೊಳ್ಳುತ್ತವೆ. ಆಮೇಲೆ ಎಷ್ಟು ಅಲೋ ರೂಲ್ ಬರೆದರೂ ಗೆಲ್ಲುವುದು ಬ್ಲಾಕೇ. ನಾನು ರನ್ ಬಾಕ್ಸ್‌ನಲ್ಲಿ ‘ಡಬ್ಲ್ಯುಎಫ್ ಡಾಟ್ ಎಂಎಸ್‌ಸಿ’ ತೆರೆದು, ಇನ್‌ಬೌಂಡ್ ರೂಲ್ಸ್‌ನಲ್ಲಿ (ಒಳಬರುವ ಸಂಪರ್ಕಗಳ ರೂಲ್‌ಗಳು) ಕೆಂಪು ಗುರುತಿನ ಆ ಎರಡನ್ನೂ ಅಳಿಸಿ, ಪ್ರೋಗ್ರಾಂ ಮತ್ತೆ ಶುರು ಮಾಡುತ್ತೇನೆ. ಕಿಟಕಿ ಮರಳಿ ಬಂದಾಗ ಪ್ರೈವೇಟ್‌ಗೆ (ಮನೆಯಂಥ ನಂಬಿಕೆಯ ನೆಟ್‌ವರ್ಕ್) ಮಾತ್ರ ಟಿಕ್, ಪಬ್ಲಿಕ್‌ಗೆ (ಸಾರ್ವಜನಿಕ ವೈಫೈಯಂಥದು) ಬೇಡ. ಮನೆಯ ವೈಫೈಯೇ ಪಬ್ಲಿಕ್ ಎಂದು ಗುರುತಾಗಿದ್ದರೆ ಈ ಟಿಕ್‌ನಿಂದ ಪ್ರಯೋಜನವಿಲ್ಲ, ಮೊದಲು ಅದನ್ನು ಸರಿಪಡಿಸಬೇಕು.

ಊಹೆ ಬಿಟ್ಟು ಲಾಗ್, ಅಂದರೆ ಫೈರ್‌ವಾಲ್ ತಡೆದದ್ದನ್ನು ಬರೆದಿಡುವ ಫೈಲ್, ಓದುವುದು ವಾಸಿ. ‘ಡಬ್ಲ್ಯುಎಫ್ ಡಾಟ್ ಎಂಎಸ್‌ಸಿ’ ಕಿಟಕಿಯ ಪ್ರಾಪರ್ಟೀಸ್‌ನಲ್ಲಿ ಡೊಮೇನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರು ಟ್ಯಾಬ್ ಇವೆ. ಲಾಗಿಂಗ್‌ನಲ್ಲಿ ‘ಡ್ರಾಪ್ಡ್ ಪ್ಯಾಕೆಟ್ಸ್’ (ತಡೆದ ಡೇಟಾ ತುಣುಕುಗಳು) ಅನ್ನು ಪ್ರತಿಯೊಂದರಲ್ಲೂ ಬೇರೆಬೇರೆಯಾಗಿ ಯೆಸ್ ಮಾಡಬೇಕು. ಗಾತ್ರದ ಮಿತಿ 4096 ಕೆಬಿ ಇರುತ್ತದೆ, ಮನೆಗೆ ಸಾಕು. ಲಾಗ್ ಫೈಲಿನ ಜಾಗ ಬದಲಿಸಲು ಹೋಗಬೇಡಿ: ಹೊಸ ಫೋಲ್ಡರಿನಲ್ಲಿ ಫೈರ್‌ವಾಲ್ ಸರ್ವಿಸ್‌ಗೆ ಬರೆಯುವ ಪರ್ಮಿಷನ್ ಇಲ್ಲದಿದ್ದರೆ ಫೈಲ್ ಖಾಲಿಯೇ ಉಳಿಯುತ್ತದೆ.

ಲಾಗ್‌ನ ಒಂದು ಸಾಲಿನ ಮುಖ್ಯ ಕಾಲಂಗಳು ಹೀಗಿರುತ್ತವೆ: ಡ್ರಾಪ್ (ತಡೆದಿದೆ), ಯುಡಿಪಿ, 192.168.1.1 (ಕಳಿಸಿದವರ ವಿಳಾಸ, ಇಲ್ಲಿ ರೂಟರ್), 239.255.255.250 (ತಲುಪಬೇಕಾದ ವಿಳಾಸ), 48213 (ಮೂಲ ಪೋರ್ಟ್), 1900 (ತಲುಪಬೇಕಾದ ಪೋರ್ಟ್), ಕೊನೆಯ ಕಡೆ ರಿಸೀವ್ (ಒಳಬಂದದ್ದು). ಅಂದರೆ ರೂಟರ್ ‘ಯಾರ್ಯಾರು ಇದ್ದೀರಿ’ ಎಂದು ಮನೆಯ ಸಾಧನಗಳನ್ನೆಲ್ಲ ಕೂಗಿದೆ. ತಲುಪಬೇಕಾದ ಪೋರ್ಟ್ 5353, 5355, 137 ಇದ್ದರೂ ಇಂಥದೇ ಹಾಜರಿ ಕರೆ. ಮೂಲ ಪೋರ್ಟ್ 443 (ಸುರಕ್ಷಿತ ವೆಬ್‌ಸೈಟ್‌ಗಳದು) ಇದ್ದು ಟಿಸಿಪಿ ಫ್ಲ್ಯಾಗ್ (ಸಂಪರ್ಕ ಯಾವ ಹಂತದಲ್ಲಿದೆ ಎಂದು ಹೇಳುವ ಅಕ್ಷರಗಳು) ಕಾಲಂನಲ್ಲಿ ‘ಆರ್’ ಅಥವಾ ‘ಎಫ್‌ಎ’ ಕಂಡರೆ ಸಾಮಾನ್ಯವಾಗಿ ಅದು ಆಗಲೇ ಮುಗಿದ ವೆಬ್ ಸಂಪರ್ಕದ ಬಾಲ, ತಡವಾಗಿ ಬಂದದ್ದು. ಇವುಗಳಿಗೆ ರೂಲ್ ಬರೆಯುವುದು ದಂಡ.

ನನ್ನ ಕಣ್ಣು ನಿಲ್ಲುವುದು ಬರೀ ‘ಎಸ್’ ಫ್ಲ್ಯಾಗ್ ಮೇಲೆ. ಅದು ಹೊಸ ಸಂಪರ್ಕದ ಮೊದಲ ತಟ್ಟು. ಮನೆಯದೇ ವಿಳಾಸವೊಂದು ಪೋರ್ಟ್ 445 (ಫೈಲ್ ಹಂಚಿಕೆ) ಅಥವಾ 3389ಕ್ಕೆ (ರಿಮೋಟ್ ಡೆಸ್ಕ್‌ಟಾಪ್) ಮತ್ತೆಮತ್ತೆ ತಟ್ಟುತ್ತಿದ್ದರೆ ತಪಾಸಣೆ ಆಗಬೇಕಾದದ್ದು ತಟ್ಟುತ್ತಿರುವ ಆ ಸಾಧನಕ್ಕೆ, ನನ್ನ ಫೈರ್‌ವಾಲಿಗಲ್ಲ. ರೂಟರ್ ಪಟ್ಟಿಯಲ್ಲಿ ಆ ವಿಳಾಸ ಯಾರದ್ದೆಂದು ಹುಡುಕುತ್ತೇನೆ.

ಪೋರ್ಟ್ ತೆರೆದದ್ದು ಯಾವ ಪ್ರೋಗ್ರಾಂ ಎಂದು ತಿಳಿಯಲು ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್‌ಸ್ಟ್ಯಾಟ್ -ಎಬಿಎನ್‌ಓ’ ಕೊಡುತ್ತೇನೆ (ಇಂಗ್ಲಿಷ್ ಸಣ್ಣಕ್ಷರದಲ್ಲಿ). ಅಡ್ಮಿನ್ ಅಲ್ಲದಿದ್ದರೆ ಪ್ರೋಗ್ರಾಂ ಹೆಸರು ತೋರಿಸುವ ‘ಬಿ’ ಕೆಲಸ ಮಾಡದು. ಸಿಕ್ಕ ಫೈಲ್ ಟೆಂಪ್ ಫೋಲ್ಡರಿನಲ್ಲಿದ್ದು, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿಯೂ ಇಲ್ಲದಿದ್ದರೆ ಅನುಮತಿಯ ಮಾತೇ ಇಲ್ಲ, ಸ್ಕ್ಯಾನ್ ಮೊದಲು.

ನಿಜಕ್ಕೂ ಬಾಗಿಲು ಬೇಕಾದಾಗ ನಾನು ಬರೆಯುವ ಅಲೋ ರೂಲ್ ಒಂದೇ ಪೋರ್ಟ್, ಒಂದೇ ಪ್ರೋಗ್ರಾಂಗೆ. ಆ ರೂಲ್‌ನ ಸ್ಕೋಪ್ ಟ್ಯಾಬ್‌ನ ರಿಮೋಟ್ ವಿಳಾಸದಲ್ಲಿ ‘ಲೋಕಲ್ ಸಬ್‌ನೆಟ್’, ಅಂದರೆ ಮನೆಯ ನೆಟ್‌ವರ್ಕ್ ಮಾತ್ರ. ‘ಒಂದ್ಸಲ ಆಫ್ ಮಾಡಿ ನೋಡೋಣ’ ಎನ್ನುವ ಪರೀಕ್ಷೆಯನ್ನು ನಾನು ಮಾಡುವುದಿಲ್ಲ. ಆಫ್ ಮಾಡಿದಾಗ ಕೆಲಸ ಆಯಿತು ಎಂದಷ್ಟೇ ಗೊತ್ತಾಗುತ್ತದೆ, ಅಡ್ಡ ನಿಂತ ರೂಲ್ ಯಾವುದೆಂದು ಗೊತ್ತಾಗುವುದಿಲ್ಲ.