ಚಳಿ ಬೀಳೋಕ್ ಮುಂಚೆನೇ ಬಯೋಸ್ಟಿಮ್ಯುಲೆಂಟ್ ಹೊಡೀರಿ
ಟೊಮ್ಯಾಟೊ, ಮೆಣಸಿನಕಾಯಿ, ಸೌತೆ ಹಾಕಿರೋರು ಗಮನಿಸಿ, ರಾತ್ರಿ ಟೆಂಪರೇಚರ್ 10 ಡಿಗ್ರಿ ಹತ್ರ ಇಳಿಯುತ್ತೆ ಅಂತ ಗೊತ್ತಾದ್ರೆ ಒಂದೆರಡು ದಿನ ಮುಂಚೆನೇ ಬಯೋಸ್ಟಿಮ್ಯುಲೆಂಟ್, ಅಂದ್ರೆ ಗಿಡಕ್ಕೆ ಚಳಿಯಂಥ ಒತ್ತಡ ತಡ್ಕೊಳ್ಳೋಕೆ ನೆರವಾಗೋ ಸೀವೀಡ್ (ಕಡಲಕಳೆ) ಎಕ್ಸ್‌ಟ್ರ್ಯಾಕ್ಟ್ ಇಲ್ಲಾಂದ್ರೆ ಅಮೈನೋ ಆಸಿಡ್ ಸ್ಪ್ರೇ ಮಾಡ್ಬಿಡಿ, ಎಲೆ ಬಾಡಿ ಕಪ್ಪಾದ್ಮೇಲೆ ಎಷ್ಟು ಹೊಡೆದ್ರೂ ಆ ಭಾಗ ವಾಪಸ್ ಬರಲ್ಲ. ಗಿಡ ಒಳಗೆ ಪ್ರೋಲಿನ್ (ಒಂದು ಅಮೈನೋ ಆಸಿಡ್), ಸಕ್ಕರೆ ಅಂಶ ಕೂಡಿಟ್ಕೊಂಡು ಚಳಿಗೆ ರೆಡಿ ಆಗೋಕೆ ಟೈಮ್ ಬೇಕು ಕಣ್ರಿ. ಬೆಳಿಗ್ಗೆನೇ ಹೊಡೀರಿ, ಸಂಜೆಯೊಳಗೆ ಎಲೆ ಒಣಗಿರ್ಬೇಕು. ಡೋಸ್ ಲೇಬಲ್ ನೋಡಿನೇ ಹಾಕಿ, ಜಾಸ್ತಿ ಆದ್ರೆ ಎಲೆ ಅಂಚು ಸುಡುತ್ತೆ. ಮಣ್ಣು ಒಣಗಿದ್ರೆ ಹಗಲಲ್ಲೇ ನೀರು ಕೊಡಿ, ಹಸಿ ಮಣ್ಣು ಬಿಸಿ ಹಿಡ್ಕೊಳ್ಳುತ್ತೆ. ಯೂರಿಯಾ ಮಾತ್ರ ಆಗ ಬೇಡ್ವೇ ಬೇಡ, ಎಳೇ ಚಿಗುರು ಬಂದ್ರೆ ಚಳಿಗೆ ಮೊದ್ಲು ಹೋಗೋದೇ ಅದು. ಹಿಮ ಕಟ್ಟೋ ಅಷ್ಟು ಚಳಿ ಇದ್ರೆ ಬರೀ ಸ್ಪ್ರೇ ನಂಬ್ಕೋಬೇಡಿ, ಹೊದಿಕೆ ಹಾಕ್ಲೇಬೇಕು.