ಫಿಸಿಕ್ಸ್ ಓದಿದವರ ಹತ್ತಿರ ಮಕ್ಕಳನ್ನೇ ಕಳಿಸಿದೆ

ಚಿತ್ರದುರ್ಗದ ನಮ್ಮ ಸರ್ಕಾರಿ ಹೈಸ್ಕೂಲಿನಿಂದ ಈ ಸಲ ಏಳೆಂಟು ಮಕ್ಕಳು ಫಿಸಿಕ್ಸನ್ನೇ ಓದುತ್ತೇವೆ ಎಂದು ಮನೆಯಲ್ಲಿ ವಾದ ಮಾಡಿ ಪಿಯು ಸೈನ್ಸ್ ಸೇರಿದ್ದಾರೆ. ಮೊದಲು ವರ್ಷಕ್ಕೊಬ್ಬರು ಸಿಕ್ಕರೆ ಜಾಸ್ತಿ. "ರಿಸಲ್ಟ್ ನೋಡ್ಕೊಳ್ಳಿ ಮೇಷ್ಟ್ರೇ, ಇದೆಲ್ಲ ಯಾಕೆ?" ಎಂದವರೇ ಈಗ ಹೇಗೆ ಮಾಡಿದಿರಿ ಎಂದು ಫೋನ್ ಮಾಡುತ್ತಿದ್ದಾರೆ.

ಫಿಸಿಕ್ಸ್ ಕಡೆ ಮಕ್ಕಳನ್ನು ಸೆಳೆಯಲು ಮೊದಲೆರಡು ವರ್ಷ ಅತಿಥಿಗಳಿಂದ ಭಾಷಣ ಮಾಡಿಸಿದೆ, ದುಡ್ಡು ಸುಮ್ನೆ ಹೋಯಿತು. ಪ್ರೊಜೆಕ್ಟರ್ ಬಾಡಿಗೆ, ಅತಿಥಿಗೆ ಕಾರು, ಊಟ, ಶಾಲು, ಹಾರ ಎಲ್ಲ ಸೇರಿ ಒಂದು ಕಾರ್ಯಕ್ರಮಕ್ಕೆ ಆರೇಳು ಸಾವಿರ. ಅರ್ಧಕ್ಕಿಂತ ಹೆಚ್ಚು ನನ್ನ ಜೇಬಿನದು. ಅತಿಥಿ ಕಪ್ಪುಕುಳಿ ಬಗ್ಗೆ ಚೆನ್ನಾಗಿಯೇ ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು, ಮರೆತರು. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ವಿಜ್ಞಾನ ಸಂಶೋಧನೆಯ ದೊಡ್ಡ ಸಂಸ್ಥೆ ಐಐಎಸ್‌ಸಿ ಕ್ಯಾಂಪಸ್ಸೇ ಇದೆ. ಆದರೆ ಬಸ್ಸಿನ ತುಂಬ ಮಕ್ಕಳನ್ನು ಕರೆದೊಯ್ದರೆ ಕಟ್ಟಡ ನೋಡಿ ಬರುತ್ತಾರೆ, ಕೆಲಸ ನೋಡುವುದಿಲ್ಲ.

ಆಮೇಲೆ ಭಾಷಣ ಬಿಟ್ಟೆ. ನಾಲ್ಕು ಮಕ್ಕಳು, ಜೊತೆಗೆ ಒಬ್ಬರ ಅಪ್ಪ ಅಥವಾ ಅಮ್ಮ. ಫಿಸಿಕ್ಸ್ ಬಳಸಿ ದುಡಿಯುವವರ ಪಕ್ಕ ಅರ್ಧ ದಿನ ಇರಬೇಕು. ಏನು ಓದಿದಿರಿ, ಮೊದಲ ಸಂಬಳ ಎಷ್ಟು ಎಂದು ಕೇಳಬೇಕು. ಸಂಬಳದ ಪ್ರಶ್ನೆ ಬೇಡ ಎಂದು ಸಹೋದ್ಯೋಗಿಗಳು ಗಲಾಟೆ ಮಾಡಿದರು. ನಾನು ಬಿಡಲಿಲ್ಲ. ಮನೆಯಲ್ಲಿ ಕೇಳುವುದೇ ಅದನ್ನು ಅಲ್ವಾ?

ಹೆಚ್ಚು ಬದಲಾವಣೆ ತಂದಿದ್ದು ದಾವಣಗೆರೆಯ ಆಸ್ಪತ್ರೆ ಭೇಟಿ. ಕ್ಯಾನ್ಸರಿಗೆ ವಿಕಿರಣ ಕೊಡುವಾಗ ಡಾಕ್ಟರ್ ಹೇಳಿದ ಡೋಸ್ ಗಡ್ಡೆಗೇ ಬೀಳಬೇಕು, ಪಕ್ಕದ ಅಂಗಕ್ಕೆ ಆದಷ್ಟು ಕಡಿಮೆ ತಗುಲಬೇಕು. ಆ ಲೆಕ್ಕ ಹಾಕುವವರು ಮೆಡಿಕಲ್ ಫಿಸಿಸಿಸ್ಟ್. ಎಂ.ಎಸ್ಸಿ. ಫಿಸಿಕ್ಸ್ ಆದಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ, ನಂತರ ಇಂಟರ್ನ್‌ಶಿಪ್. ಜೊತೆಗೆ ಬಂದಿದ್ದ ತಾಯಿ ಮಗಳನ್ನು ಡಾಕ್ಟರೇ ಮಾಡಬೇಕು ಎಂದಿದ್ದವರು. ವಾಪಸ್ ಬರುವಾಗ ಬಸ್ಸಿನಲ್ಲಿ ಡಿಪ್ಲೊಮಾ ಎಲ್ಲಿ ಸಿಗುತ್ತದೆ ಎಂದು ಅವರೇ ವಿಚಾರಿಸಿದರು.

ತೂಕ-ಅಳತೆ ಇನ್‌ಸ್ಪೆಕ್ಟರ್ ಹತ್ತಿರವೂ ಕಳಿಸಿ. ಫಿಸಿಕ್ಸ್ ಇರುವ ಬಿ.ಎಸ್ಸಿ. ಆ ಹುದ್ದೆಗೆ ನಡೆಯುತ್ತದೆ ಎಂದು ನಮ್ಮಲ್ಲೇ ಎಷ್ಟೋ ಮೇಷ್ಟ್ರುಗಳಿಗೆ ಗೊತ್ತಿಲ್ಲ. ಸಂಶೋಧನೆಯ ಆಸೆ ಇರುವವರಿಗೆ ಕೇಂದ್ರ ಸರ್ಕಾರದ ವಿಜ್ಞಾನ ಕಾಲೇಜುಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ ಐಎಟಿ ಬಗ್ಗೆ ಒಂಬತ್ತರಲ್ಲೇ ಹೇಳಿ.

ಜೋಗಿಮಟ್ಟಿ ಬೆಟ್ಟದಲ್ಲಿ ಕರೆಂಟ್ ತಯಾರಿಸುವ ಗಾಳಿಯಂತ್ರದ ಟೆಕ್ನಿಷಿಯನ್ ಹತ್ತಿರ ಹೋದವರು ಬೇರೆಯದೇ ಕೆಲಸ ಶುರು ಮಾಡಿದರು. ಮೊಬೈಲಿನಲ್ಲಿ ವಿಡಿಯೋ ಮಾಡಿ ಸುತ್ತು ಎಣಿಸಿದರು. ನಿಮಿಷಕ್ಕೆ ಸುಮಾರು 18. ರೆಕ್ಕೆ 25 ಮೀಟರ್ ಆಸುಪಾಸು ಎಂದು ಹಿಡಿದರೆ ತುದಿಯ ವೇಗ ಗಂಟೆಗೆ 170 ಕಿ.ಮೀ. ಬಂತು. ನಿಧಾನವಾಗಿ ತಿರುಗುವ ಹಾಗೆ ಕಾಣುತ್ತದಲ್ಲ, ಯಾರೂ ನಂಬಲಿಲ್ಲ. ಮೂರು ಸಲ ಲೆಕ್ಕ ಮಾಡಿದರು. ವೃತ್ತೀಯ ಚಲನೆಗೆ ಇದಕ್ಕಿಂತ ಒಳ್ಳೆ ಪಾಠ ನಾನು ಮಾಡಿಲ್ಲ. ಕೋಟೆಯ ಬಂಡೆಗೆ ಚಪ್ಪಾಳೆ ತಟ್ಟಿ ಪ್ರತಿಧ್ವನಿಯಿಂದ ಶಬ್ದದ ವೇಗ ಅಳೆಯಲೂ ಹೋದೆವು. ಪ್ರವಾಸಿಗರ ಗದ್ದಲದಲ್ಲಿ ಆಗಲಿಲ್ಲ. ಬೆಳಗ್ಗೆ ಬೇಗ ಹೋಗಿ ಮತ್ತೆ ಮಾಡುವವರಿದ್ದೇವೆ.

ಅನುಮತಿ ಪತ್ರದಲ್ಲಿ ನಾನು ಬರೆಯುವ ಒಂದು ಸಾಲಿದೆ. ಅದನ್ನು ಓದಿದವರು ಬೇಡ ಎಂದಿದ್ದು ಕಡಿಮೆ. ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ. ಖರ್ಚು ಈಗ ವರ್ಷಕ್ಕೆ ಮೂರು ಸಾವಿರದ ಒಳಗೆ, ಬಸ್ ಚಾರ್ಜು, ತಿಂಡಿ ಅಷ್ಟೇ. ಈ ವರ್ಷದಿಂದ ಅದನ್ನು ಶಾಲೆಯ ಅಭಿವೃದ್ಧಿ ಸಮಿತಿ ಎಸ್‌ಡಿಎಂಸಿಯವರೇ ಕೊಡಲು ಒಪ್ಪಿದ್ದಾರೆ.