ಉದ್ರಿ ಪುಸ್ತಕದಲ್ಲಿ ಸಿಕ್ಕ ಊರಿನ ಆದಾಯ

2020ರ ಬೇಸಿಗೆಯಲ್ಲಿ ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಒಂದು ಊರಲ್ಲಿ ಮನೆಮನೆ ಆದಾಯ ಬರೆದುಕೊಳ್ಳುವ ಕೆಲಸ ನನಗೆ ಬಂತು. ಫಾರಂನ ಮೊದಲ ಪ್ರಶ್ನೆಯೇ ‘ತಿಂಗಳ ಆದಾಯ ಎಷ್ಟು?’. ಮೂರು ದಿನ ಸುತ್ತಿದರೂ ಒಂದೇ ಉತ್ತರ: “ಎಲ್ಲೀ ಆದಾಯ ರೀ, ಕುಂತು ಉಣ್ಣಾಕತ್ತೀವಿ.”

ನಾಲ್ಕನೇ ದಿನ ಕಿರಾಣಿ ಅಂಗಡಿಯ ಕಟ್ಟೆ ಮೇಲೆ ಕೂತೆ. ಅಂಗಡಿಯವರು ಉದ್ರಿ ಪುಸ್ತಕ ತೆಗೆದು ತೋರಿಸಿದರು. ಮನೆಗೊಂದು ಹಾಳೆ. ಗುಳೆ ಹೋದವರು ಯುಗಾದಿಗೆ ಬಂದು ಬಾಕಿ ಕೊಟ್ಟರೆ ಹಾಳೆ ಮೇಲೆ ಅಡ್ಡಗೆರೆ ಬೀಳುತ್ತದೆ. 2019ರ ಹಾಳೆಗಳಲ್ಲಿ ಗೆರೆ ಇತ್ತು. 2020ರ ಯುಗಾದಿ ಮಾರ್ಚ್ 25ಕ್ಕೆ, ಲಾಕ್‌ಡೌನ್‌ನ ಮೊದಲ ದಿನ. ಆ ಸಲ ಗೆರೆ ಬೀಳಲೇ ಇಲ್ಲ. ಒಂದು ಹಾಳೆಯಲ್ಲಿ ಏಪ್ರಿಲ್‌ವರೆಗೆ ಎಣ್ಣೆ, ಸಕ್ಕರೆ, ಚಹಾಪುಡಿ, ಸೋಪು. ಮೇ ತಿಂಗಳಲ್ಲಿ ಬರೀ ಎಣ್ಣೆ, ಉಪ್ಪು. ಆ ಹಾಳೆ ನೋಡಿ ಗಂಟಲು ಕಟ್ಟಿತು.

ಅಲ್ಲಿಂದ ನಾನು ಆದಾಯ ಕೇಳುವುದನ್ನೇ ಬಿಟ್ಟೆ. ಗುಳೆ ಹೋದವರು ಯಾರು, ಕೊನೆಗೆ ದುಡ್ಡು ಬಂದದ್ದು ಯಾವಾಗ, ಅಡವಿಟ್ಟದ್ದೇನು, ಉದ್ರಿ ಎಷ್ಟು? ಇವಕ್ಕೆ ಜನ ಸರಿಯಾಗಿ ಉತ್ತರ ಕೊಟ್ಟರು.

ಆ ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ ಸುಮಾರು ಶೇ. 24ರಷ್ಟು ಕುಸಿಯಿತು, ಕೃಷಿ ಮಾತ್ರ ಬೆಳೆಯಿತು ಅಂತ ಮುಂದೆ ಸರ್ಕಾರದ ಅಂಕಿ ಬಂತು. ಹಾಗಾದರೆ ಹಳ್ಳಿಗೆ ಪೆಟ್ಟಿಲ್ಲ ಅಲ್ವಾ? ನಾರಾಯಣಪುರ ಕಾಲುವೆಯ ನೀರಿದ್ದು ಭತ್ತ ಬೆಳೆಯುವ ಊರುಗಳು ಹೇಗೋ ತಡೆದುಕೊಂಡವು. ಇದು ಒಣಬೇಸಾಯದ ಊರು. ತೊಗರಿ, ಹತ್ತಿ ಮುಗಿದರೆ ಬೆಂಗಳೂರಿನ ಕಟ್ಟಡದ ಕೆಲಸವೇ ಗತಿ. ಜಿಲ್ಲಾ ಆದಾಯದ ಲೆಕ್ಕದಲ್ಲಿ ಆ ದುಡಿಮೆ ಬೆಂಗಳೂರಿನ ಖಾತೆಗೆ ಸೇರುತ್ತದೆ. ಅದು ನಿಂತಾಗ ಉಪವಾಸ ಮಾತ್ರ ಇಲ್ಲಿಗೆ ಬಂತು. ನಮ್ಮ ಅಂಕಿಗಳಲ್ಲಿ ಇದು ಕಾಣದಿರುವುದು ದೊಡ್ಡ ತಪ್ಪು ಅಂತ ಈಗಲೂ ಹೇಳುತ್ತೇನೆ.

ಬರೆದುಕೊಂಡು ಸುಮ್ನೆ ಬರಲು ಮನಸ್ಸಾಗಲಿಲ್ಲ. ಉದ್ಯೋಗ ಖಾತರಿಯ ಅರ್ಜಿ, ಫಾರಂ 6, ತುಂಬಿಕೊಟ್ಟೆ. ಆಗ ಕೂಲಿ ದಿನಕ್ಕೆ 275 ರೂಪಾಯಿ ಇತ್ತು. ವರ್ಷಗಟ್ಟಲೆ ಹೊರಗಿದ್ದವರಲ್ಲಿ ಜಾಬ್ ಕಾರ್ಡೇ ಇರಲಿಲ್ಲ, ಅದನ್ನು ಮಾಡಿಸಲು ಜಾಸ್ತಿ ದಿನ ಹಿಡಿಯಿತು. ಹೆಂಗಸರ ಜನ್‌ಧನ್ ಖಾತೆಗೆ ಮೂರು ತಿಂಗಳು ಬಂದ 500 ರೂಪಾಯಿ ನೇರ ಉದ್ರಿಗೆ ಹೋಯಿತು.

2021ರ ಯುಗಾದಿ, ಏಪ್ರಿಲ್ 13ರಂದು, ಮತ್ತೆ ಅದೇ ಕಟ್ಟೆಗೆ ಹೋದೆ. ಆ ಎಣ್ಣೆ–ಉಪ್ಪಿನ ಹಾಳೆಗೆ ಅಡ್ಡಗೆರೆ ಬಿದ್ದಿತ್ತು. ಎರಡು ವಾರ ಕಳೆಯಿತು, ಮತ್ತೆ ಲಾಕ್‌ಡೌನ್. ಆ ಮನೆಯವರು ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದರು. ಅಂಗಡಿಯವರು ಹೊಸ ಹಾಳೆ ತೆಗೆದರು.